ರೋಗಿಯ ದಾಖಲೆಗೆ ಕಾವಲು ಯಾರು?



ದೆಹಲಿಯ ಏಮ್ಸ್ ಆಸ್ಪತ್ರೆಯ ಹೆಸರನ್ನು ನಾವೆಲ್ಲರೂ ಕೇಳಿದ್ದೇವೆ. ದೇಶದ ಮೂಲೆ ಮೂಲೆಗಳಿಂದ ಬಡವರು ಕೊನೆಯ ಆಸೆಯನ್ನಿಟ್ಟುಕೊಂಡು ಹೋಗುವ ಸ್ಥಳವದು. 2022ರ ನವೆಂಬರ್ 23ರಂದು ಅಲ್ಲಿನ ಕಂಪ್ಯೂಟರ್ ವ್ಯವಸ್ಥೆಯು ಸ್ತಬ್ಧವಾಯಿತು. ದುಷ್ಕರ್ಮಿಗಳು ಐದು ಸರ್ವರ್‌ಗಳಿಗೆ ನುಗ್ಗಿ, ಸುಮಾರು 1.3 ಟೆರಾಬೈಟ್ ಮಾಹಿತಿಯನ್ನು ಯಾರೂ ಓದಲಾಗದಂತೆ ಮಾಡಿದ್ದರು. ಹೊರರೋಗಿಗಳ ನೋಂದಣಿ, ಪರೀಕ್ಷಾ ವರದಿ ಎಲ್ಲವೂ ಕೈಬರಹಕ್ಕೆ ಮರಳಿದವು. ವ್ಯವಸ್ಥೆಯು ಚೇತರಿಸಿಕೊಳ್ಳಲು ಸುಮಾರು ಎರಡು ವಾರಗಳೇ ಬೇಕಾದವು.

ಇದಕ್ಕೆ ಕಾರಣವೇನು? ಜಾಲವನ್ನು ಸರಿಯಾಗಿ ವಿಭಾಗಿಸಿರಲಿಲ್ಲವೆಂದು ಸರಕಾರವೇ ಸಂಸತ್ತಿಗೆ ತಿಳಿಸಿತು. ಅಂದರೆ, ಹೊರಬಾಗಿಲು ಮುರಿದವನಿಗೆ ಒಳಗಿನ ಕೋಣೆಗಳಿಗೂ ಅಡ್ಡಿಯಿರಲಿಲ್ಲ. ದಾಳಿಗೆ ಸಿಲುಕದ ಬೇರೊಂದು ಸರ್ವರ್‌ನಲ್ಲಿ ಪ್ರತಿಯಿದ್ದುದರಿಂದ ಮಾಹಿತಿಯೇನೋ ಮರಳಿ ದೊರೆಯಿತು. ಆದರೆ ದಾಖಲೆಯು ಒಡವೆಯಂತಲ್ಲ. ಅದು ನಮ್ಮ ಬಳಿಯೇ ಇದ್ದೂ ಕಳವಾಗಬಲ್ಲದು.

ಬ್ಯಾಂಕಿನ ಕಾರ್ಡ್ ಕಳೆದರೆ ಹೊಸದನ್ನು ಪಡೆಯಬಹುದು. ಕ್ಷಯ, ಮನೋರೋಗ, ಗರ್ಭಪಾತ ಮುಂತಾದ ವಿವರಗಳು ಒಮ್ಮೆ ಬಯಲಾದರೆ ಹಿಂದಕ್ಕೆ ಪಡೆಯುವುದೆಂತು? ನಮ್ಮಂತಹ ಸಣ್ಣ ಪಟ್ಟಣಗಳಲ್ಲಿ ಒಂದು ಸುದ್ದಿಯಿಂದಲೇ ಹೆಣ್ಣುಮಗಳ ಸಂಬಂಧ ಮುರಿದು ಬೀಳುತ್ತದೆ, ದುಡಿಯುವವನ ನೌಕರಿ ಹೋಗುತ್ತದೆ. ಹಣವಂತನು ಬೇರೆ ಆಸ್ಪತ್ರೆಯನ್ನು ಹುಡುಕಿಕೊಳ್ಳಬಲ್ಲನು. ಸರಕಾರಿ ಆಸ್ಪತ್ರೆಯನ್ನೇ ನಂಬಿದವನಿಗೆ ಆ ಆಯ್ಕೆಯಿಲ್ಲ. ಗುಟ್ಟು ಹೊರಬೀಳುವುದೆಂದು ಹೆದರಿ ಆತ ಚಿಕಿತ್ಸೆಯಿಂದಲೇ ದೂರವುಳಿದರೆ ಅದಕ್ಕೆ ಹೊಣೆ ಯಾರು?

ನಾವು ಕಂಪ್ಯೂಟರನ್ನು ವಿರೋಧಿಸುತ್ತಿಲ್ಲ. ಗೆದ್ದಲು ತಿಂದ ಕಡತ, ಕಳೆದುಹೋದ ಚೀಟಿ, ಮಾಡಿದ ಪರೀಕ್ಷೆಯನ್ನೇ ಮತ್ತೆ ಮಾಡಿಸುವ ಖರ್ಚು, ಇವೆಲ್ಲವನ್ನೂ ಉಂಡವರು ನಾವೇ.

ಇನ್ನು ಕಾನೂನಿನ ಮಾತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ ಸುಪ್ರೀಮ್ ಕೋರ್ಟಿನ ಒಂಬತ್ತು ಮಂದಿಯ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಆರೋಗ್ಯ ಮಾಹಿತಿಗಾಗಿಯೇ ಪ್ರತ್ಯೇಕ ಕಾನೂನಿನ ಕರಡನ್ನು ಆರೋಗ್ಯ ಸಚಿವಾಲಯವು 2018ರಲ್ಲಿ ಪ್ರಕಟಿಸಿತಾದರೂ ಅದು ಕಾನೂನಾಗಲಿಲ್ಲ. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯು ರಕ್ಷಣೆಯಲ್ಲಿ ವಿಫಲರಾದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ನೀಡುತ್ತದೆ. ಆದರೆ ರೋಗದ ವಿವರಕ್ಕೆ ಅದರಲ್ಲಿ ವಿಶೇಷ ಸ್ಥಾನವಿಲ್ಲ. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳನ್ನು ನೀಡಿ ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನೂ ಕೇಂದ್ರ ಸರಕಾರ ಇಟ್ಟುಕೊಂಡಿದೆ. ಕಾವಲುಗಾರನೇ ತನಗೆ ರಜೆ ಬರೆದುಕೊಳ್ಳಬಹುದಾದ ಇಂತಹ ಕಾನೂನನ್ನು ನಾವು ಸಾಕೆಂದು ಒಪ್ಪಲಾರೆವು.

ಹದಿನಾಲ್ಕು ಅಂಕಿಗಳ ಆಭಾ ಸಂಖ್ಯೆಯು ಐಚ್ಛಿಕವಾದುದು. ಅದಿಲ್ಲವೆಂದು ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ. ಕೌಂಟರಿನಲ್ಲಿ ಮೊಬೈಲಿಗೆ ಬಂದ ಒಟಿಪಿಯನ್ನು ಹೇಳುವ ಮುನ್ನ ಅದು ಯಾತಕ್ಕೆಂದು ಕೇಳಿರಿ. ನಮ್ಮ ಮಹಿಳೆಯರು ಅದನ್ನು ಕೇಳಲು ಸಂಕೋಚಪಡಬೇಕಾಗಿಲ್ಲ.

ಪ್ರತಿಯೊಂದು ದಾಳಿಯೂ ದೂರದಿಂದಲೇ ಬರಬೇಕೆಂದಿಲ್ಲ. ಹತ್ತು ಮಂದಿ ಬಳಸುವ ಒಂದೇ ಪಾಸ್‌ವರ್ಡ್, ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವ ವರದಿಯ ಚಿತ್ರ ಇವೂ ಸಾಕು. ಆದ್ದರಿಂದ ನಿಮ್ಮ ಊರಿನ ಸರಕಾರಿ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಮುಂದೆ ಈ ಪ್ರಶ್ನೆಗಳನ್ನು ಲಿಖಿತವಾಗಿ ಇಡಿರಿ: ಯಾವ ದಾಖಲೆಯನ್ನು ಯಾರು ಯಾವಾಗ ತೆರೆದರೆಂಬ ಲೆಕ್ಕವಿದೆಯೇ? ದಾಖಲೆಗಳ ಇನ್ನೊಂದು ಪ್ರತಿಯನ್ನು ಬೇರೆಡೆ ಇರಿಸಲಾಗಿದೆಯೇ? ಮಾಹಿತಿ ಸೋರಿಹೋದರೆ ರೋಗಿಗೆ ಎಷ್ಟು ದಿನಗಳೊಳಗೆ ತಿಳಿಸುತ್ತೀರಿ?