ಸೋತ ವಿದ್ಯಾರ್ಥಿ ಮತ್ತು ಮಾರ್ಗದರ್ಶಕ ಗುರು



2019ರಲ್ಲಿ ಧರ್ಮಸಭೆಯು ಸಂತರೆಂದು ಘೋಷಿಸಿದ ಜಾನ್ ಹೆನ್ರಿ ನ್ಯೂಮನ್‌ರವರು 1820ರಲ್ಲಿ ಆಕ್ಸ್‌ಫರ್ಡಿನ ಅಂತಿಮ ಪರೀಕ್ಷೆಯಲ್ಲಿ ನಿರೀಕ್ಷೆಗಿಂತ ಬಹಳ ಕೆಳಗಿನ ದರ್ಜೆ ಪಡೆದರು. ಆದರೂ ಕೈಚೆಲ್ಲದೆ, 1822ರಲ್ಲಿ ಓರಿಯಲ್ ಕಾಲೇಜಿನ ಫೆಲೋ ಆಗಿ ಆಯ್ಕೆಗೊಂಡರು. 1826ರಿಂದ ಅಲ್ಲಿಯೇ ಟ್ಯೂಟರ್ ಆಗಿ, ಪಾಠ ಹೇಳುವುದಷ್ಟೇ ಅಲ್ಲ, ಶಿಷ್ಯರ ಆತ್ಮಪಾಲನೆಯೂ ತಮ್ಮ ಹೊಣೆಯೆಂದು ನಂಬಿದರು.

ಇಂದಿನ ವಿಶ್ವವಿದ್ಯಾಲಯಗಳ ಮಾರ್ಗದರ್ಶಕರಲ್ಲಿ ನಾವು ಬಯಸುವುದೂ ಇದನ್ನೇ. ಅನುತ್ತೀರ್ಣನಾಗಿ ಬಂದವನಿಗೆ 'ಇದು ನಿನ್ನಿಂದಾಗದು' ಎನ್ನದೆ, ಅವನೊಡನೆ ಕುಳಿತು ಉತ್ತರಪತ್ರಿಕೆಯನ್ನು ಓದಿ, ಎಡವಿದ್ದೆಲ್ಲಿ ಎಂದು ತೋರಿಸಿ, ಮುಂದಿನ ವಾರದ ಅಭ್ಯಾಸವನ್ನು ಗೊತ್ತುಮಾಡಬೇಕು. ಹುಟ್ಟುಬುದ್ಧಿಯನ್ನು ಹೊಗಳುವುದಕ್ಕಿಂತ ಪ್ರಯತ್ನದ ರೀತಿಯನ್ನು ಮೆಚ್ಚಬೇಕು. ತಲಾಂತನ್ನು ಹೂತಿಡದೆ ದುಡಿಸಿದ ಆಳನ್ನೇ ಒಡೆಯನು ಹೊಗಳಿದನಲ್ಲವೇ? ನಮ್ಮ ಮನೆಗಳಲ್ಲಿಯೂ ಅಂಕಪಟ್ಟಿಯ ಮುಂದೆ ಇದೇ ಸೈರಣೆಯನ್ನು ತೋರೋಣ.