ಒಂದೇ ಪಲ್ಸ್, ಎರಡು ನ್ಯೂಟ್ರಾನ್



ನ್ಯೂಟ್ರಾನಿಗೆ ವಿದ್ಯುದಾವೇಶವಿಲ್ಲ. ಅನಿಲ ತುಂಬಿದ ಕೋಶದೊಳಗೆ ಹಾದುಹೋದರೂ ಅದು ನೇರವಾಗಿ ಅಯಾನುಗಳನ್ನು ಹುಟ್ಟಿಸುವುದಿಲ್ಲ. ಅದು ಯಾವುದಾದರೊಂದು ನ್ಯೂಕ್ಲಿಯಸ್ಸಿಗೆ ಡಿಕ್ಕಿ ಹೊಡೆಯಬೇಕು, ಇಲ್ಲವೇ ಅದರೊಳಗೆ ಸೇರಿಹೋಗಬೇಕು. ಆಗ ಹೊರಚಿಮ್ಮುವ ಆವಿಷ್ಟ ಕಣ ಅನಿಲವನ್ನು ಅಯಾನೀಕರಿಸುತ್ತದೆ. ನಾವು ವಿದ್ಯುತ್ ಪಲ್ಸ್ ಆಗಿ ಅಳೆಯುವುದು ಆ ಕಣ ಬಿಟ್ಟುಹೋದ ಅಯಾನುಗಳನ್ನು. ವರದಿಯಲ್ಲಿ ಬರೆಯುವುದು ನ್ಯೂಟ್ರಾನಿನ ಶಕ್ತಿಯನ್ನು. ಈ ಎರಡರ ನಡುವಿನ ತರ್ಕವೂ ಅಳತೆಯ ಭಾಗವೇ, ಅದನ್ನು ಫಲಿತಾಂಶದ ಜೊತೆಗೇ ಪ್ರಕಟಿಸಬೇಕು ಎಂಬುದು ನನ್ನ ವಾದ.

1932ರಲ್ಲಿ ಕೇಂಬ್ರಿಜ್‌ನ ಜೇಮ್ಸ್ ಚಾಡ್ವಿಕ್ ಮಾಡಿದ್ದು ಇದನ್ನೇ. ಬೆರಿಲಿಯಂನಿಂದ ಹೊಮ್ಮುವ ವಿಕಿರಣ ಪ್ಯಾರಾಫಿನ್ ಮೇಣದಿಂದ ಪ್ರೋಟಾನುಗಳನ್ನು ಎಬ್ಬಿಸುತ್ತದೆಂದು ಪ್ಯಾರಿಸ್ಸಿನಲ್ಲಿ ಐರೀನ್ ಕ್ಯೂರಿ ಮತ್ತು ಫ್ರೆಡರಿಕ್ ಜೋಲಿಯೋ ಆಗಲೇ ತೋರಿಸಿದ್ದರು. ಅದನ್ನು ಗಾಮಾ ಕಿರಣವೆಂದು ಬಗೆದಿದ್ದರು. ಪ್ರೋಟಾನ್ ಒಂದನ್ನೇ ನೋಡುವವರಿಗೆ ಆ ವ್ಯಾಖ್ಯಾನವನ್ನು ತಳ್ಳಿಹಾಕುವುದು ಸುಲಭವಿರಲಿಲ್ಲ. ಚಾಡ್ವಿಕ್ ನೈಟ್ರೊಜನ್ನನ್ನೂ ಸಾಕ್ಷಿಗೆ ಕರೆದರು. ಸುಮಾರು 5 ಕೋಟಿ ಎಲೆಕ್ಟ್ರಾನ್ ವೋಲ್ಟಿನ ಗಾಮಾ ಕಿರಣ ಬಡಿದಿದ್ದರೆ ನೈಟ್ರೊಜನ್ ಪರಮಾಣುವೊಂದು ಹೆಚ್ಚೆಂದರೆ 10,000 ಅಯಾನು ಜೋಡಿಗಳನ್ನು ಹುಟ್ಟಿಸಬೇಕಿತ್ತು. ಕೋಶದಲ್ಲಿ ಕಂಡ ಕೆಲವು ಪಲ್ಸ್‌ಗಳಲ್ಲಿ 30,000 ಇದ್ದವು! ಪ್ರೋಟಾನಿನ ಗರಿಷ್ಠ ವೇಗ ಸೆಕೆಂಡಿಗೆ 33,000 ಕಿಲೋಮೀಟರ್, ನೈಟ್ರೊಜನ್ನಿನದು 4,700. ಡಿಕ್ಕಿಯ ಸರಳ ನಿಯಮಕ್ಕೆ ಈ ಎರಡನ್ನೂ ಹಾಕಿದರೆ ಬಡಿದ ಕಣದ ದ್ರವ್ಯರಾಶಿ ಪ್ರೋಟಾನಿನ ಸುಮಾರು 1.15 ಪಟ್ಟು ಎಂದು ಬರುತ್ತದೆ. ತಪ್ಪಿನ ಅಂದಾಜು ಶೇ. 10ರಷ್ಟಿದ್ದರೂ ಅದು ಗಾಮಾ ಕಿರಣವಲ್ಲ, ನ್ಯೂಟ್ರಾನ್ ಎಂಬ ತೀರ್ಮಾನ ಅಲುಗಾಡಲಿಲ್ಲ. ಏಕೆಂದರೆ ಅದು ಎರಡು ಬೇರೆ ನ್ಯೂಕ್ಲಿಯಸ್‌ಗಳು ಒಪ್ಪಿದ ಉತ್ತರವಾಗಿತ್ತು.

ಇಂದು ಹಲವು ಪ್ರಯೋಗಾಲಯಗಳಲ್ಲಿರುವುದು ಹೀಲಿಯಂ-3 ಕೌಂಟರ್. ಹೀಲಿಯಂ-3 ನ್ಯೂಕ್ಲಿಯಸ್ ನ್ಯೂಟ್ರಾನನ್ನು ಹೀರಿಕೊಂಡು ಒಂದು ಪ್ರೋಟಾನ್, ಒಂದು ಟ್ರೈಟಾನ್ ಆಗಿ ಒಡೆಯುತ್ತದೆ. ಆಗ 7,64,000 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬಿಡುಗಡೆಯಾಗುತ್ತದೆ, ನ್ಯೂಟ್ರಾನ್ ತಂದ ಶಕ್ತಿ ಅದಕ್ಕೆ ಕೂಡಿಕೊಳ್ಳುತ್ತದೆ. ಕೋಣೆಯ ಉಷ್ಣತೆಯಲ್ಲಿರುವ ಮಂದ ನ್ಯೂಟ್ರಾನ್ ತರುವುದು 0.025 ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಆ ದೊಡ್ಡ ಮೊತ್ತದಲ್ಲಿ ಅದು ಲೆಕ್ಕಕ್ಕೇ ಸಿಗದು. ಇನ್ನೊಂದು ಕಡೆ 10 ಲಕ್ಷ ಎಲೆಕ್ಟ್ರಾನ್ ವೋಲ್ಟಿನ ವೇಗದ ನ್ಯೂಟ್ರಾನ್ ಹೀರಿಕೆಯಾಗದೆ ಹೀಲಿಯಂ-3ಕ್ಕೆ ನೇರಾನೇರ ಬಡಿದರೆ ತನ್ನ ಶಕ್ತಿಯ ಮುಕ್ಕಾಲು ಭಾಗವನ್ನು, ಅಂದರೆ 7,50,000 ಎಲೆಕ್ಟ್ರಾನ್ ವೋಲ್ಟನ್ನು ಕೊಡುತ್ತದೆ. ಪರದೆಯ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ ಎತ್ತರದ ಪಲ್ಸ್. ಮೂಲ ಶಕ್ತಿಗಳ ನಡುವೆ ಮಾತ್ರ 4 ಕೋಟಿ ಪಟ್ಟು ಅಂತರ. ಇದು ಬರಿಯ ತಾತ್ವಿಕ ತೊಡಕಲ್ಲ: ವಿಕಿರಣ ರಕ್ಷಣೆಯ ಅಂತರರಾಷ್ಟ್ರೀಯ ಶಿಫಾರಸಿನಲ್ಲಿ ಮಂದ ನ್ಯೂಟ್ರಾನಿನ ಡೋಸನ್ನು ಗುಣಿಸುವ ತೂಕಾಂಕ ಸುಮಾರು 2.5, ವೇಗದ್ದಕ್ಕೆ 20ರ ಆಸುಪಾಸು. ಕೈಗಾದಂಥ ರಿಯಾಕ್ಟರಿನಲ್ಲಿ ದುಡಿಯುವವರ ಮೈಗೆ ತಗಲುವ ಡೋಸಿನ ಲೆಕ್ಕ ಈ ಅಂಕಿಯ ಮೇಲೇ ನಿಂತಿದೆ. ಕೋಶದ ಗೋಡೆಯೂ ಸುಮ್ಮನಿರುವುದಿಲ್ಲ. ಪ್ರೋಟಾನೋ ಟ್ರೈಟಾನೋ ಗೋಡೆಗೆ ಬಡಿದರೆ ಅಷ್ಟರಮಟ್ಟಿಗೆ ಪಲ್ಸ್ ಗಿಡ್ಡಾಗುತ್ತದೆ.

ಹಾರಾಟದ ಕಾಲವನ್ನೇ ಅಳೆದರೆ ಶಕ್ತಿ ನೇರವಾಗಿ ಸಿಗುವಾಗ ಅನಿಲದ ಉಸಾಬರಿ ಏಕೆ ಎಂದು ಕೇಳುವವರಿದ್ದಾರೆ. ನ್ಯೂಟ್ರಾನ್ ಹೊರಟ ಗಳಿಗೆ ಗೊತ್ತಿರುವಲ್ಲಿ ಅದೇ ಉತ್ತಮ, ಒಪ್ಪುತ್ತೇನೆ. ಎಡೆಬಿಡದೆ ನಡೆಯುವ ರಿಯಾಕ್ಟರಿನ ಕಟ್ಟಡದಲ್ಲಿ ಆ ಗಳಿಗೆಯನ್ನು ಯಾರೂ ಹೇಳಲಾರರು. ಕಂಪ್ಯೂಟರ್ ಪಲ್ಸ್‌ಗಳಿಂದ ನ್ಯೂಟ್ರಾನುಗಳ ಶಕ್ತಿಯ ರೋಹಿತವನ್ನು ಬಿಡಿಸಿಕೊಡುತ್ತದಲ್ಲ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಆದರೆ ಅದೇ ದತ್ತಾಂಶಕ್ಕೆ ಒಂದಕ್ಕಿಂತ ಹೆಚ್ಚು ರೋಹಿತಗಳು ಹೊಂದುತ್ತವೆ. ಯಾವುದನ್ನು ಆರಿಸುವುದೆಂಬುದನ್ನು ನಾವು ಮೊದಲೇ ಉಣಿಸಿದ ಅಂದಾಜು ಬಹುಮಟ್ಟಿಗೆ ತೀರ್ಮಾನಿಸುತ್ತದೆ. ನುಣುಪಾದ ವಕ್ರರೇಖೆ ಬಂದಷ್ಟೂ ಅನುಮಾನ ಹೆಚ್ಚಬೇಕು.

ಹಾಗಾಗಿ ಈ ಸಮ್ಮೇಳನದಲ್ಲಿ ಮಂಡನೆಯಾಗುವ ಪ್ರತಿ ರೋಹಿತದ ಜೊತೆಗೆ ಬಿಡಿಸುವ ಮುಂಚಿನ ಪಲ್ಸ್ ದತ್ತಾಂಶ, ಅನಿಲದ ಮಿಶ್ರಣ, ಒತ್ತಡ, ಗೋಡೆಯ ತಿದ್ದುಪಡಿ, ಆರಂಭದ ಅಂದಾಜು ಇವಿಷ್ಟೂ ಇರಲಿ. ಸಾಧ್ಯವಿದ್ದಲ್ಲಿ ಹೈಡ್ರೊಜನ್ ಅಥವಾ ಮೀಥೇನ್ ತುಂಬಿದ ಎರಡನೆಯ ಕೌಂಟರಿನಿಂದ ಅದೇ ಜಾಗದಲ್ಲಿ ಅಳತೆ ಆಗಲಿ. ಅಲ್ಲಿ ಒಂದೇ ಶಕ್ತಿಯ ನ್ಯೂಟ್ರಾನುಗಳು ಎಬ್ಬಿಸುವ ಪ್ರೋಟಾನುಗಳ ಶಕ್ತಿ ಸೊನ್ನೆಯಿಂದ ಗರಿಷ್ಠದವರೆಗೆ ಸಮನಾಗಿ ಹರಡುತ್ತದೆ, ಹೀಲಿಯಂ-3ರ ಗೊಂದಲ ಇರುವುದಿಲ್ಲ. ಅದಕ್ಕೂ ತನ್ನದೇ ಕಷ್ಟವುಂಟು: ಕಡಿಮೆ ಶಕ್ತಿಯ ಕಡೆಗೆ ಹೋದಂತೆ ಗಾಮಾ ಕಿರಣಗಳು ಎಬ್ಬಿಸಿದ ಎಲೆಕ್ಟ್ರಾನುಗಳ ಪಲ್ಸ್‌ಗಳೂ ಪ್ರೋಟಾನಿನ ಪಲ್ಸ್‌ಗಳೊಳಗೆ ಬೆರೆಯುತ್ತವೆ. ಪಲ್ಸ್ ಏರುವ ವೇಗವನ್ನು ನೋಡಿ ಅವನ್ನು ಎಲ್ಲಿಯವರೆಗೆ ನಂಬಿಕೆಯಿಂದ ಬೇರ್ಪಡಿಸಬಹುದು ಎಂಬ ಪ್ರಶ್ನೆಯಿಂದಲೇ ಮೊದಲ ಗೋಷ್ಠಿ ಆರಂಭವಾಗಲಿ.