ಪೋಲೀಸು ಠಾಣೆಯೂ ವಿಶೇಷ ದಳಗಳೂ



ರಾಜ್ಯೋತ್ಸವದ ವೇದಿಕೆಯಲ್ಲಿ ಪೋಲೀಸರ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ನಾಡುನುಡಿಗಳ ವಿಚಾರವನ್ನು ನಮಗಿಂತ ಚೆನ್ನಾಗಿ ಹೇಳಬಲ್ಲ ಹಿರಿಯರು ಈ ಸಭೆಯಲ್ಲಿದ್ದಾರೆ. ಆದರೆ ನಮ್ಮ ಮನೆಗಳಲ್ಲಿ ಹನ್ನೆರಡನೆಯ ಇಯತ್ತೆ ಮುಗಿಸಿದ ಹುಡುಗ ಹುಡುಗಿಯರು ‘ಭರ್ತಿ’ಗೆಂದು ನಸುಕಿನಲ್ಲೆದ್ದು ಮೈದಾನ ಸುತ್ತುತ್ತಿದ್ದಾರೆ. ಏನಾಗಬೇಕಪ್ಪಾ ಎಂದು ಕೇಳಿದರೆ, ಕ್ರೈಮ್ ಬ್ರ್ಯಾಂಚಿಗೆ ಹೋಗಬೇಕು ಎನ್ನುತ್ತಾರೆ. ಪೋಲೀಸು ಠಾಣೆಗೆ ಹೋಗಬೇಕು ಎಂದವರನ್ನು ನಾವು ಇನ್ನೂ ಕಂಡಿಲ್ಲ. ಅದೇ ಮನೆಯ ಅಜ್ಜ ಅಜ್ಜಿಯರು ಫೋನಿನಲ್ಲಿ ‘ಕ್ರೈಮ್ ಬ್ರ್ಯಾಂಚ್’ ಎಂಬ ಹೆಸರು ಕೇಳಿದೊಡನೆ ಕೈಕಾಲು ಆಡದೆ ಕೂತುಬಿಡುತ್ತಾರೆ. ಮಕ್ಕಳ ಮೋಹಕ್ಕೂ ಹಿರಿಯರ ಹೆದರಿಕೆಗೂ ಬೇರು ಒಂದೇ ಎಂದು ನಮಗೆ ತೋರುತ್ತದೆ. ವಿಶೇಷ ದಳವೆಂದರೆ ಠಾಣೆಯ ಮೇಲೆ ಎಲ್ಲಿಯೋ ಇರುವ, ಬೇರೆಯೇ ಕಾನೂನಿನ ಲೋಕವೆಂಬ ಕಲ್ಪನೆ ಅದು. ವಸ್ತುಸ್ಥಿತಿ ಹಾಗಿಲ್ಲ.

ಮೊದಲು ನಮ್ಮ ಊರಿನ ವ್ಯವಸ್ಥೆಯನ್ನು ನೋಡೋಣ. ಥಾಣೆಗೆ 1981ರಲ್ಲಿ, ನವಿ ಮುಂಬಯಿಗೆ 1994ರಲ್ಲಿ ಪ್ರತ್ಯೇಕ ಪೋಲೀಸ್ ಕಮಿಷನರ ಕಚೇರಿಗಳಾದವು. ಡೊಂಬಿವಲಿ, ಕಲ್ಯಾಣಗಳಲ್ಲಿರುವ ನಮ್ಮ ನಂಟರು ಥಾಣೆಯ ಕಮಿಷನರಿಗೆ ಸೇರಿದವರು, ನಾವು ಸಿ.ಬಿ.ಡಿ. ಬೇಲಾಪುರದವರಿಗೆ. 2004ರಲ್ಲಿ ಥಾಣೆ-ವಾಶಿ ರೈಲು ಬಂದ ಮೇಲೆ ಇನ್ನೊಂದು ಗಡಿ ಸೇರಿಕೊಂಡಿತು. ನಿಲ್ದಾಣದ ಒಳಗೆ ಕಿಸೆ ಕತ್ತರಿಸಿದರೆ ಅದು ರಾಜ್ಯದ ರೈಲ್ವೆ ಪೋಲೀಸರ ಲೆಕ್ಕ, ಮೆಟ್ಟಿಲಿಳಿದು ರಸ್ತೆಯಲ್ಲಿ ಕತ್ತರಿಸಿದರೆ ಊರ ಠಾಣೆಯ ಲೆಕ್ಕ. ಪ್ಲಾಟ್‌ಫಾರಮ್ಮಿನ ಮೇಲೆ ಕಾಣುವ ಆರ್.ಪಿ.ಎಫ್. ಕೇಂದ್ರ ಸರಕಾರದ್ದು, ರೈಲ್ವೆಯ ಸೊತ್ತನ್ನೂ ಪ್ರಯಾಣಿಕರನ್ನೂ ಕಾಯುವುದು ಅದರ ಕೆಲಸ. ಈ ಗಡಿಗಳ ಜಗಳದಲ್ಲಿ ಬಡಪಾಯಿ ಫಿರ್ಯಾದಿ ಅಲೆಯಬಾರದೆಂದೇ, 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ಅಪರಾಧ ಎಲ್ಲಿಯೇ ನಡೆದಿರಲಿ ಯಾವ ಠಾಣೆಯಲ್ಲಾದರೂ ದೂರು ಬರೆಸಬಹುದೆಂದು ಹೇಳಲಾಗಿದೆ.

ಇನ್ನು ವಿಶೇಷ ದಳಗಳು. ಇವು ಹುಟ್ಟುವುದು ಠಾಣೆಯವರಿಗೆ ತಿಳಿಯದ ಯಾವುದೋ ಒಂದು ವಿದ್ಯೆ ಬೇಕಾದಾಗ. 1897ರಲ್ಲಿ ಕಲಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ತೆರೆಯಿತು. ಹೆಸರು ಬಂದದ್ದು ಎಡ್ವರ್ಡ್ ಹೆನ್ರಿ ಸಾಹೇಬರಿಗೆ, ಲೆಕ್ಕದ ಬುದ್ಧಿ ಖರ್ಚು ಮಾಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ನಮ್ಮವರಿಬ್ಬರು. 1902-03ರ ಫ್ರೇಸರ್ ಆಯೋಗದ ಸಲಹೆಯ ಮೇಲೆ ಪ್ರಾಂತಪ್ರಾಂತಗಳಲ್ಲಿ ಸಿ.ಐ.ಡಿ. ಬಂತು. ಬೆಂಗಳೂರಿನಲ್ಲಿ 2001ರಲ್ಲಿ ದೇಶದ ಮೊಟ್ಟಮೊದಲ ಸೈಬರ್ ಅಪರಾಧ ಠಾಣೆ ತೆರೆದದ್ದು ನಮ್ಮ ನಾಡಿಗೆ ಸೇರಬೇಕಾದ ಮಾತು.

ನಮಗೆ ಇವೆಲ್ಲಕ್ಕಿಂತ ಹೆಚ್ಚು ವಿಚಾರಣೀಯವೆನಿಸುವುದು ಗಡಚಿರೋಲಿಯ ‘ಸಿ-60’. ನಕ್ಸಲರ ಹಾವಳಿಯನ್ನೆದುರಿಸಲು 1990ರಲ್ಲಿ ಈ ದಳವನ್ನು ಕಟ್ಟಿದಾಗ ದೂರದ ಪಟ್ಟಣಗಳಿಂದ ಜನ ತರಿಸಲಿಲ್ಲ. ಅದೇ ಕಾಡಿನ, ಗೋಂಡಿ ಮುಂತಾದ ಅಲ್ಲಿನ ಮಾತುಗಳನ್ನಾಡುವ 60 ಮಂದಿಯನ್ನು ಆರಿಸಿದರು. ಹೆಸರಿನ ಅಂಕಿ ಬಂದದ್ದು ಅದರಿಂದ. ಬಂದೂಕು ಯಾರಿಗಾದರೂ ಕೊಡಬಹುದು. ಕಾಡಿನ ದಾರಿಯನ್ನೂ ಹಟ್ಟಿಯ ಮುದುಕಿಯ ಮಾತನ್ನೂ ಕಲಿಸಿ ಕೊಡಲಾಗುವುದಿಲ್ಲ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರಗಳ ಹಳ್ಳಿಗಳಲ್ಲಿ ಕನ್ನಡವೇ ಮನೆಮಾತು. ಅಲ್ಲಿನ ಠಾಣೆಗಳಲ್ಲಿ ಕನ್ನಡ ಬಲ್ಲ ಶಿಪಾಯಿಯ ಬೆಲೆಯೇನೆಂಬುದನ್ನು ವಿವರಿಸಬೇಕಾಗಿಲ್ಲ. ಮನೆಯಲ್ಲಿ ಮಕ್ಕಳೊಡನೆ ಕನ್ನಡ ಆಡುವುದು ಉದ್ಯೋಗಕ್ಕೆ ತೊಡಕೆಂದು ನಂಬಿದವರು ಇದನ್ನು ಸ್ವಲ್ಪ ಗಮನಿಸಬೇಕು.

ಹಾಗಾದರೆ ಠಾಣೆ? 2008ರ ನವೆಂಬರ್ 26ರ ರಾತ್ರಿಯನ್ನು ನೆನೆಯಿರಿ. ಮಾನೇಸರದ ಎನ್.ಎಸ್.ಜಿ. ಕಮಾಂಡೋಗಳು ಇನ್ನೂ ಮುಂಬಯಿಗೆ ಬಂದಿರಲಿಲ್ಲ. ಗಿರಗಾಂವ್ ಚೌಪಾಟಿಯ ತಡೆಗಟ್ಟೆಯಲ್ಲಿ ಕಸಬನನ್ನು ಬರಿಗೈಯಲ್ಲಿ ಹಿಡಿದು, ಅವನ ಬಂದೂಕಿನ ನಳಿಗೆಯನ್ನು ಬಿಡದೆ ಗುಂಡುಗಳಿಗೆ ಒಡಲೊಡ್ಡಿದ ತುಕಾರಾಮ ಓಂಬಳೆಯವರು ಯಾವ ವಿಶೇಷ ದಳದವರೂ ಅಲ್ಲ, ಡಿ.ಬಿ. ಮಾರ್ಗ ಠಾಣೆಯ ಸಹಾಯಕ ಸಬ್ ಇನ್‌ಸ್ಪೆಕ್ಟರು. 2009ರಲ್ಲಿ ಅವರಿಗೆ ಮರಣೋತ್ತರ ಅಶೋಕಚಕ್ರ ಸಂದಿತು. ‘ಫೋರ್ಸ್ ವನ್’ ಎಂಬ ರಾಜ್ಯದ ಕಮಾಂಡೋ ದಳ ರಚನೆಯಾದದ್ದು ಆ ದಾಳಿಯ ಬಳಿಕ.

ನಮ್ಮವರ ಮಾತಿಗೆ ಬರೋಣ. ದಯಾ ನಾಯಕರ ಹೆಸರು ಈ ಸಭೆಯಲ್ಲಿ ಯಾರಿಗೆ ತಿಳಿಯದು? ಕಾರ್ಕಳ ತಾಲೂಕಿನ ಎಣ್ಣೆಹೊಳೆಯಲ್ಲಿ ಏಳನೆಯ ತರಗತಿವರೆಗೆ ಕನ್ನಡ ಶಾಲೆಯಲ್ಲಿ ಓದಿ, 1979ರಲ್ಲಿ ಮುಂಬಯಿಗೆ ಬಂದು, ಹೋಟೆಲಿನಲ್ಲಿ ದುಡಿಯುತ್ತ ಪದವಿ ಪಡೆದು, 1995ರಲ್ಲಿ ಸಬ್ ಇನ್‌ಸ್ಪೆಕ್ಟರಾದರು. ಹೋಟೆಲಿನ ಟೇಬಲ್ಲೊರೆಸಿ ಮೇಲೆ ಬಂದ ನಮ್ಮ ಎಷ್ಟೋ ಮಂದಿಗೆ ಈ ದಾರಿಯ ಒಂದೊಂದು ಕಲ್ಲೂ ಪರಿಚಿತ. ಅವರ ಮೊದಲ ನೇಮಕ ಜುಹೂ ಠಾಣೆಗೆ. ಅಲ್ಲಿಂದ ಅಪರಾಧ ಶಾಖೆಗೆ ಹೋಗಿ ‘ಎನ್‌ಕೌಂಟರ್’ ಖ್ಯಾತಿ ಪಡೆದುದನ್ನು ಸಿನಿಮಾದವರು ತೋರಿಸಿದ್ದಾರೆ. ಸಿನಿಮಾದಿಂದಾಚೆಗೂ ಒಂದು ಕಥೆಯುಂಟು. 2006ರಲ್ಲಿ ಆದಾಯ ಮೀರಿದ ಆಸ್ತಿಯ ಆರೋಪದ ಮೇಲೆ ಅಮಾನತಾದರು. ಆ ಪ್ರಕರಣ 2010ರಲ್ಲಿ ಸುಪ್ರೀಮ್ ಕೋರ್ಟಿನಲ್ಲಿ ಬಿದ್ದುಹೋಯಿತು. ಮರಳಿ ಕೆಲಸಕ್ಕೆ ತೆಗೆದುಕೊಂಡದ್ದು 2012ರಲ್ಲಿ. ಪ್ರಾಯದ ಆರು ವರ್ಷ ಹಾಗೆಯೇ ಹೋಯಿತು. ಅಸಿಸ್ಟೆಂಟ್ ಕಮಿಷನರ ಬಡ್ತಿ ಕೈಗೆ ಬಂದದ್ದು 2025ರ ಜುಲೈ ಕೊನೆಯಲ್ಲಿ, ನಿವೃತ್ತಿಗೆ ಎರಡು ದಿನವಿರುವಾಗ. ತಾಯಿಯ ಹೆಸರಿನಲ್ಲಿ ಅವರು ಊರಿಗೆ ಕಟ್ಟಿಸಿಕೊಟ್ಟ ಪ್ರೌಢಶಾಲೆ ಮಾತ್ರ ಯಾವ ಸರಕಾರ ಬಂದರೂ ಹೋದರೂ ಎಣ್ಣೆಹೊಳೆಯ ಮಕ್ಕಳಿಗೆ ಉಳಿದಿದೆ.

ಬೇರೊಂದು ಪ್ರಕರಣವನ್ನೂ ಹುಡುಗರು ತಿಳಿಯತಕ್ಕದ್ದು. ಅದಕ್ಕೂ ದಯಾ ನಾಯಕರಿಗೂ ಸಂಬಂಧವಿಲ್ಲ. 2006ರ ನವೆಂಬರಿನಲ್ಲಿ ನಮ್ಮ ನೆರೆಯ ವಾಶಿಯಿಂದಲೇ ಒಬ್ಬನನ್ನು ಎತ್ತಿಕೊಂಡು ಹೋಗಿ ವರ್ಸೋವಾದಲ್ಲಿ ಕೊಂದು, ‘ಎನ್‌ಕೌಂಟರ್’ ಎಂದು ಬರೆದಿದ್ದರು. ಅದು ಕೊಲೆಯೆಂದು 2013ರಲ್ಲಿ ಸೆಷನ್ಸ್ ನ್ಯಾಯಾಲಯ ತೀರ್ಮಾನಿಸಿ 13 ಪೋಲೀಸರೂ ಸೇರಿ 21 ಜನರಿಗೆ ಜೀವಾವಧಿ ಸಜೆ ವಿಧಿಸಿತು. 2024ರಲ್ಲಿ ಹೈಕೋರ್ಟು ಪೋಲೀಸರಲ್ಲಿ ಬಹುಪಾಲು ಮಂದಿಯ ಶಿಕ್ಷೆಯನ್ನು ಎತ್ತಿಹಿಡಿಯಿತು. ವಿಶೇಷ ದಳದವನ ಕೈಗೆ ಬೇರೆ ಕಾನೂನು ಯಾರೂ ಕೊಟ್ಟಿರಲಿಲ್ಲ.

ಭರ್ತಿಗೆ ಹೋಗುವವರಿಗೆ ನಾಲ್ಕು ಮಾತು. ಶಿಪಾಯಿ ಹುದ್ದೆಗೆ ಹನ್ನೆರಡನೆಯ ಇಯತ್ತೆ ಸಾಕು. ಗಂಡುಮಕ್ಕಳಿಗೆ 165 ಸೆಂಟಿಮೀಟರ್ ಎತ್ತರ ಬೇಕು, 1600 ಮೀಟರ್ ಓಡಬೇಕು. ಮೈದಾನಕ್ಕೆ 50 ಅಂಕ, ಲಿಖಿತ ಪರೀಕ್ಷೆಗೆ 100. ಪ್ರಶ್ನೆಪತ್ರಿಕೆ ಮರಾಠಿಯಲ್ಲಿ. ನಮ್ಮ ಮಕ್ಕಳು ಓಟದಲ್ಲಿ ಗೆದ್ದು ಇಲ್ಲಿ ಸೋಲುತ್ತಾರೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು, ನಡುವೆ ಮರಾಠಿ ಬಡವಾಗುತ್ತದೆ. ಕನ್ನಡ ಸಂಘದ ವೇದಿಕೆಯಿಂದಲೇ ಮರಾಠಿ ವ್ಯಾಕರಣ ಚೆನ್ನಾಗಿ ಕಲಿಯಿರಿ ಎಂದು ಹೇಳಲು ನಮಗೆ ಸಂಕೋಚವಿಲ್ಲ. ಭರ್ತಿಯಾದವನನ್ನು ಮರುದಿನವೇ ಕ್ರೈಮ್ ಬ್ರ್ಯಾಂಚಿಗೆ ಕರೆಯುವುದಿಲ್ಲ. ತರಬೇತಿ, ಮುಖ್ಯಾಲಯದ ಕಾವಲು, ಗಣಪತಿ ವಿಸರ್ಜನೆಯ ಬಂದೋಬಸ್ತು, ಠಾಣೆಯ ರಾತ್ರಿಪಾಳಿ, ಇವೆಲ್ಲ ಆದ ಮೇಲೆ ವಿಶೇಷ ಶಾಖೆಯ ಮಾತು. ಅಲ್ಲಿಯೂ ನೆಲೆ ಶಾಶ್ವತವಲ್ಲ: ಮಹಾರಾಷ್ಟ್ರ ಪೋಲೀಸು ಕಾಯಿದೆಯ ಪ್ರಕಾರ ಇನ್‌ಸ್ಪೆಕ್ಟರ ದರ್ಜೆಯವರಿಗೆ ವಿಶೇಷ ಶಾಖೆಗಳಲ್ಲಿ ಸಾಮಾನ್ಯ ಅವಧಿ 3 ವರ್ಷ. ಠಾಣೆಯ ಡೈರಿ ಬರೆಯಲು ಬೇಸರಪಡುವ ಹುಡುಗನಿಗೆ ಈ ವೃತ್ತಿ ಹಿಡಿಸದು ಎಂಬುದು ನಮ್ಮ ಅಭಿಪ್ರಾಯ.

ಇನ್ನು ಹಿರಿಯರಿಗೆ. ದೊಡ್ಡ ಪ್ರಕರಣಗಳೂ ಸಾಮಾನ್ಯವಾಗಿ ಠಾಣೆಯ ಬಾಗಿಲಿನಿಂದಲೇ ಒಳಗೆ ಹೋಗುತ್ತವೆ. ಟೋರೆಸ್ ಆಭರಣ ಮಳಿಗೆಗಳಲ್ಲಿ ಹೆಚ್ಚಿನ ಬಡ್ಡಿಯ ಆಸೆಗೆ ಹಣ ಹೂಡಿದವರು 2025ರ ಜನವರಿಯಲ್ಲಿ ಬೀದಿಗೆ ಬಂದಾಗ, ಮುಂಬಯಿಯ ದೂರು ಮೊದಲು ದಾಖಲಾದದ್ದು ಶಿವಾಜಿ ಪಾರ್ಕ್ ಠಾಣೆಯಲ್ಲಿ. ಆರ್ಥಿಕ ಅಪರಾಧ ಶಾಖೆ ಅದನ್ನು ಕೈಗೆತ್ತಿಕೊಂಡದ್ದು ಆಮೇಲೆ.

ಫೋನಿನಲ್ಲಿ ಸಮವಸ್ತ್ರ ತೋರಿಸಿ, ‘ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ, ಕೋಣೆ ಬಿಟ್ಟು ಕದಲಬೇಡಿ’ ಎನ್ನುವವರು ಯಾವ ಶಾಖೆಯವರೂ ಅಲ್ಲ. ವೀಡಿಯೋ ಕರೆಯಲ್ಲಿ ದಸ್ತಗಿರಿ ಮಾಡುವ ಅಧಿಕಾರ ಕ್ರೈಮ್ ಬ್ರ್ಯಾಂಚಿಗೂ ಇಲ್ಲ, ಸಿ.ಬಿ.ಐ.ಗೂ ಇಲ್ಲ. 2024ರ ಅಕ್ಟೋಬರ್ 27ರಂದು ಪ್ರಧಾನಮಂತ್ರಿಗಳು ತಮ್ಮ ಬಾನುಲಿ ಭಾಷಣದಲ್ಲಿ ಇಂಥ ಕರೆಯೊಂದನ್ನು ದೇಶಕ್ಕೆಲ್ಲ ಕೇಳಿಸಿದರು. ಕರೆ ಬಂದದ್ದು ನಮ್ಮ ವಿಜಾಪುರದ ಒಬ್ಬ ತರುಣನಿಗೆ. ಆತ ಹೆದರದೆ ಮಾತಾಡುತ್ತ ಅದೆಲ್ಲವನ್ನೂ ಚಿತ್ರೀಕರಿಸಿಕೊಂಡಿದ್ದ. ನಮ್ಮಲ್ಲಿ ಯಾರಿಗಾದರೂ ಅಂಥ ಕರೆ ಬಂದರೆ ಫೋನನ್ನು ಕೆಳಗಿಡಿ, ಮಗನನ್ನೋ ಸೊಸೆಯನ್ನೋ ಕೂಗಿ ಕರೆಯಿರಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನು ಮಾಡಿ. ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಓಡುವ ಮೊದಲು ತಡೆಯಲು ಅವಕಾಶವಿರುವುದು ಮೊದಲ ಕೆಲವು ಗಂಟೆಗಳಲ್ಲಿ. ಅನಂತರ ಚಪ್ಪಲಿ ಮೆಟ್ಟಿಕೊಂಡು ಕೋಪರಖೈರಣೆಯ ಠಾಣೆಗೆ ನಡೆಯಿರಿ. ಅಲ್ಲಿ ಮೇಜಿನ ಹಿಂದೆ ಕುಳಿತ ಹವಾಲ್ದಾರರು ಬರೆದುಕೊಳ್ಳುವ ಫಿರ್ಯಾದಿಯೇ ಸೈಬರ್ ಶಾಖೆಯ ಕೆಲಸಕ್ಕೂ ಮೊದಲ ಕಾಗದ.